ಡೌರೊ ಕಣಿವೇಲಿ ಹಳೇ ಹೋಟೆಲ್ ಹಿಡ್ಕೊಂಡು ಎರಡ್ಮೂರು ದಿನ ಇರೋದು ಹೇಗೆ: ಪಿನ್ಯಾಂವ್ ಊರಿನ ಗೈಡ್

ಪೋರ್ಚುಗಲ್‌ಗೆ ಹೋಗೋ ನಮ್ಮ ಜನ ಬಹಳಷ್ಟು ಮಂದಿ ಪೋರ್ಟೊದಲ್ಲಿ ಉಳ್ಕೊಂಡು, ಡೌರೊ ಕಣಿವೆನ ಒಂದೇ ದಿನದಲ್ಲಿ ಮುಗಿಸ್ಕೊಂಡು ಬಂದ್ಬಿಡ್ತಾರೆ. ಬೆಳಗ್ಗೆ ವ್ಯಾನ್ ಹತ್ತೋದು, ಎರಡು ವೈನ್ ತೋಟ ನೋಡೋದು, ಒಂದ್ ಗಂಟೆ ದೋಣಿ, ಊಟ, ಕತ್ತಲಾಗೋ ಹೊತ್ತಿಗೆ ವಾಪಸ್. ಟೈಮ್ ಇಲ್ದೋರು ಹಾಗೆ ಮಾಡ್ಲಿ, ಆದ್ರೆ ಆ ಕಣಿವೆ ಚೆನ್ನಾಗಿರೋ ಹೊತ್ತೇ ಬೇರೆ. ವ್ಯಾನುಗಳು ಬರೋಕ್ ಮುಂಚೆ ಬೆಳಗ್ಗೆ ಏಳೂವರೆ ಎಂಟರ ಸಮಯ, ಆಮೇಲೆ ಸಂಜೆ ಟೂರ್ ದೋಣಿಗಳೆಲ್ಲ ನಿಂತು ಊರಿನವರು ಅಂಗಡಿ ಮುಂದೆ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳೋ ಸಮಯ, ಇವೆರಡೂ ಸಿಗೋದು ಅಲ್ಲೇ ರಾತ್ರಿ ಉಳಿದವರಿಗೆ ಮಾತ್ರ. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳೋದು ಇಷ್ಟೇ, ಪೋರ್ಟೊದಲ್ಲಿ ಎರಡು ರಾತ್ರಿ ಕಮ್ಮಿ ಮಾಡ್ಕೊಳ್ಳಿ, ಆ ಎರಡು ರಾತ್ರಿನ ಪಿನ್ಯಾಂವ್‌ಗೆ ಕೊಡಿ, ಅದೂ ಒಂದು ಹಳೇ ಕಟ್ಟಡದಲ್ಲಿ, ಕಾರಿಲ್ದೆ.

ಡೌರೊ ವೈನ್ ಸೀಮೆ ಉದ್ದಕ್ಕೆ ಸ್ಪೇನ್ ಗಡಿವರೆಗೂ ಹೋಗುತ್ತೆ. 1756ರಲ್ಲಿ ಮಾರ್ಕೇಶ್ ದ ಪೊಂಬಾಲ್ ಅಂತ ಪ್ರಸಿದ್ಧನಾದ ಮಂತ್ರಿ, ಪೋರ್ಟ್ ಅನ್ನೋ ಸಿಹಿ, ಜೋರು ವೈನ್ ಮಾಡೋ ದ್ರಾಕ್ಷಿ ಇಂತಿಂಥ ಜಾಗದೊಳಗೇ ಬೆಳೀಬೇಕು ಅಂತ ಗಡಿ ಗೊತ್ತು ಮಾಡಿಸ್ದ, ಆಮೇಲೆ ಗ್ರಾನೈಟ್ ಗಡಿಕಲ್ಲು ನೆಡಿಸಿದ್ರು, ಅವು ಇವತ್ತಿಗೂ ಅಲ್ಲಲ್ಲಿ ಕಾಣುತ್ವೆ. 2001ರಲ್ಲಿ ಯುನೆಸ್ಕೋ ಈ ಸೀಮೆಯ ಒಂದು ಭಾಗನ ಆಲ್ಟೊ ಡೌರೊ ಅನ್ನೋ ಹೆಸರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ಈ ಸೀಮೆಯ ಮಧ್ಯದಲ್ಲಿ, ಪಿನ್ಯಾಂವ್ ಅನ್ನೋ ಚಿಕ್ಕ ನದಿ ಬಂದು ಡೌರೊಗೆ ಸೇರೋ ಕಡೆ ಅದೇ ಹೆಸರಿನ ಊರಿದೆ. ಒಂದು ಮುಖ್ಯ ರಸ್ತೆ, ಒಂದು ರೈಲ್ವೆ ಸ್ಟೇಷನ್, ಒಂದು ಕಬ್ಬಿಣದ ಸೇತುವೆ, ನಾಲ್ಕಾರು ಊಟದ ಮನೆ, ಸುತ್ತ ಎಲ್ಲಿ ನೋಡಿದ್ರೂ ದ್ರಾಕ್ಷಿ ಹಾಕಿರೋ ಬೆಟ್ಟ. ರೆಗ್ವಾ ಊರು ಇದಕ್ಕಿಂತ ದೊಡ್ಡದು, ಸೌಕರ್ಯ ಜಾಸ್ತಿ, ಒಳ್ಳೆ ಮ್ಯೂಸಿಯಂ ಕೂಡ ಇದೆ, ಆದ್ರೆ ಹೋಟೆಲ್ ಬಾಗಿಲಿಂದ ಹೊರಗೆ ಕಾಲಿಟ್ರೆ ತೋಟಕ್ಕೇ ನಡ್ಕೊಂಡು ಹೋಗ್ಬಹುದು ಅನ್ನೋ ಸುಖ ಪಿನ್ಯಾಂವ್‌ನಲ್ಲೇ.

ಹಳೇ ಕಟ್ಟಡದಲ್ಲಿ ಉಳಿಯೋಕೆ ಅಲ್ಲಿ ಹಲವು ದಾರಿ ಇದಾವೆ, ಬುಕಿಂಗ್ ಸೈಟಲ್ಲಿ ಎಲ್ಲಾ ಒಂದೇ ಪಟ್ಟೀಲಿ ಬರೋದ್ರಿಂದ ಗೊಂದಲ ಆಗುತ್ತೆ. ಸ್ಟೇಷನ್ ಪಕ್ಕದಲ್ಲೇ ನದಿ ದಡಕ್ಕೆ ಅಂಟ್ಕೊಂಡಿರೋ ವಿಂಟೇಜ್ ಹೌಸ್, 18ನೇ ಶತಮಾನದ ವೈನ್ ಎಸ್ಟೇಟ್ ಕಟ್ಟಡನ ಹೋಟೆಲ್ ಮಾಡಿರೋದು, ಊರಲ್ಲಿ ಹೆಸರಾಂತದ್ದು ಅದೇ, ಸೀಸನ್‌ನಲ್ಲಿ ರೇಟೂ ಜೋರಾಗೇ ಇರುತ್ತೆ. ಎರಡನೇದು ಕಿಂತಾ, ಅಂದ್ರೆ ದ್ರಾಕ್ಷಿ ತೋಟದೊಳಗಿನ ಮನೆ, ಮಾಲೀಕರೇ ಕೆಲವು ರೂಮ್ ಅತಿಥಿಗಳಿಗೆ ಬಿಟ್ಟಿರ್ತಾರೆ. ಮೂರನೇದು ಹಳೇ ಜಮೀನ್ದಾರಿ ಮನೆಗಳು, ಇವಕ್ಕೆ ಸರ್ಕಾರದವರು ತುರೀಸ್ಮು ದ ಅಬಿತಸಾಂವ್ ಅಂತ ವರ್ಗ ಮಾಡಿದಾರೆ, ಬಾಗಿಲ ಪಕ್ಕ ಟಿಎಚ್ ಅನ್ನೋ ಫಲಕ ಇರುತ್ತೆ, ರೂಮುಗಳು ಕಮ್ಮಿ, ಎಷ್ಟೋ ಕಡೆ ಮನೆಯವರೇ ತಿಂಡಿ ಬಡಿಸ್ತಾರೆ. ಎಎಲ್ ಅಂತ ಫಲಕ ಇದ್ರೆ ಅದು ಬಾಡಿಗೆ ಫ್ಲಾಟ್ ಅಥವಾ ಗೆಸ್ಟ್ ಹೌಸ್, ಹಳೇ ಕಟ್ಟಡ ಆಗಿರ್ಲೂಬಹುದು, ಆದ್ರೆ ಎಷ್ಟೋ ಕಡೆ ರಿಸೆಪ್ಷನ್‌ನಲ್ಲಿ ಯಾರೂ ಇರಲ್ಲ, ಕೋಡ್ ಒತ್ತಿ ಒಳಗೆ ಹೋಗ್ಬೇಕು. ಇನ್ನು ಪೊಸಾದಾ ಅನ್ನೋದು 1942ರಲ್ಲಿ ಎಲ್ವಾಸ್ ಊರಿಂದ ಶುರುವಾದ ಸರ್ಕಾರಿ ಹೋಟೆಲ್ ಸರಣಿ, ಆಮೇಲೆ ಕೋಟೆ, ಮಠ ಎಲ್ಲಾ ಅದರೊಳಗೆ ಬಂದ್ವು, ಈಗ ನಡೆಸೋದು ಖಾಸಗಿ ಗ್ರೂಪ್. ಅಲೆಂತೇಜು ವೈನ್ ಸೀಮೆ ಕಡೆ ಹೋಗೋರಿಗೆ ಎವೊರಾದ ಲೋಯುಸ್ ಮಠ, ಎಸ್ತ್ರೆಮೋಜ್ ಕೋಟೆ ಎರಡೂ ಪೊಸಾದಾಗಳೇ. ಅಪ್ಪ ಅಮ್ಮನ ಕರ್ಕೊಂಡು ಹೋಗೋರು ಡೌರೊದಲ್ಲಿ ಟಿಎಚ್ ಮನೆ ಅಥವಾ ಊರೊಳಗಿನ ಹೋಟೆಲ್ ನೋಡಿ, ಗಂಡ ಹೆಂಡತಿ ಇಬ್ಬರೇ ಆದ್ರೆ ಕಿಂತಾ ಚೆಂದ, ಆದ್ರೆ ಕಿಂತಾ ಊರಿಂದ ದೂರ ಇದ್ರೆ ರಾತ್ರಿ ಊಟಕ್ಕೆ ಟ್ಯಾಕ್ಸಿ ಬೇಕಾಗುತ್ತೆ ಅನ್ನೋದು ತಲೇಲಿರ್ಲಿ.

ಈಗ ಮುಖ್ಯ ವಿಷಯ, ರೂಮ್ ಆರಿಸೋದು. ಹೊಸ ಹೋಟೆಲಲ್ಲಿ ಎಲ್ಲಾ ರೂಮೂ ಒಂದೇ ಅಚ್ಚು, ಹಳೇ ಕಟ್ಟಡದಲ್ಲಿ ಹಾಗಲ್ಲ, ಒಂದೇ ರೇಟಿಗೆ ಒಬ್ಬರಿಗೆ ನದಿ ಕಡೆ ಬಾಲ್ಕನಿ ಸಿಗುತ್ತೆ, ಇನ್ನೊಬ್ಬರಿಗೆ ಹಿಂದಿನ ರಸ್ತೆ ಕಡೆ ಚಿಕ್ಕ ಕಿಟಕಿ ಸಿಗುತ್ತೆ. ಸ್ಟಾರ್ ಎಷ್ಟು ಅಂತ ನೋಡೋದಕ್ಕಿಂತ ನಿಮಗೆ ಸಿಗೋ ರೂಮ್ ಯಾವುದು ಅಂತ ನೋಡಿ. ಬುಕ್ ಮಾಡಿದ್ಮೇಲೆ ಹೋಟೆಲ್‌ಗೇ ನೇರವಾಗಿ ಒಂದು ಮೇಲ್ ಹಾಕಿ, ಇಂಗ್ಲಿಷ್ ಸಾಕು, ಕೇಳ್ಬೇಕಾದ್ದು ಇವು: ನದಿ ಕಡೆ ರೂಮ್ ಕೊಡ್ತೀರಾ, ಯಾವ ಮಹಡಿ, ಲಿಫ್ಟ್ ಇದೆಯಾ, ಲಿಫ್ಟ್ ಆ ಮಹಡಿವರೆಗೂ ಬರುತ್ತಾ, ಎಸಿ ಇದೆಯಾ, ಬಾತ್‌ರೂಮಲ್ಲಿ ಶವರ್ ಬೇರೆ ಇದೆಯಾ ಅಥವಾ ಟಬ್ಬಿನೊಳಗೆ ನಿಂತು ಸ್ನಾನ ಮಾಡ್ಬೇಕಾ. ಈ ಕೊನೇ ಪ್ರಶ್ನೆ ಚಿಕ್ಕದು ಅನ್ಸುತ್ತೆ, ಆದ್ರೆ ಮೊಣಕಾಲು ನೋವಿರೋ ಅಮ್ಮಂದಿರಿಗೆ ಎತ್ತರದ ಟಬ್ ದಾಟೋದು ದಿನಾ ಬೆಳಗ್ಗೆ ಒಂದು ಯುದ್ಧ. ಡಬಲ್ ಅಂದ್ರೆ ಒಂದೇ ಮಂಚ, ಎರಡು ಮಂಚ ಬೇಕಿದ್ರೆ ಟ್ವಿನ್ ಅಂತ ಬಾಯಿಬಿಟ್ಟು ಹೇಳಿ. ಸ್ಟೇಷನ್ ಹತ್ರದ ಹೋಟೆಲಲ್ಲಿ ರೈಲು ಸದ್ದು ಬರುತ್ತಾ ಅಂತ ಕೆಲವರು ಹೆದರ್ತಾರೆ, ಆ ಲೈನಲ್ಲಿ ಓಡೋ ರೈಲುಗಳೇ ಕಮ್ಮಿ, ಅದು ಸಮಸ್ಯೆ ಅಲ್ವೇ ಅಲ್ಲ, ನಿದ್ದೆ ಕೆಡಿಸೋದು ಅಂದ್ರೆ ಮೇಲಿನ ರೂಮಿನವರು ಮರದ ನೆಲದ ಮೇಲೆ ಓಡಾಡೋ ಸದ್ದು, ಅದಕ್ಕೇ ನಿದ್ದೆ ಸೂಕ್ಷ್ಮ ಇರೋರು ಎಲ್ಲಕ್ಕಿಂತ ಮೇಲಿನ ಮಹಡಿ ಕೇಳಿ ತಗೊಳ್ಳಿ.

ಯಾವಾಗ ಹೋಗೋದು ಅಂದ್ರೆ, ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರಗಳು ನನಗಿಷ್ಟ, ಬಳ್ಳಿ ಚಿಗುರಿ ಬೆಟ್ಟ ಹಸಿರಾಗಿರುತ್ತೆ, ಬಿಸಿಲೂ ಹಿತ. ಡೌರೊ ಜನ ತಮ್ಮ ಸೀಮೆ ಬಗ್ಗೆ ಹೇಳ್ಕೊಳ್ಳೋ ಗಾದೆನೇ ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ ಅಂತ, ಜುಲೈ ಆಗಸ್ಟಲ್ಲಿ 40 ಡಿಗ್ರಿ ದಾಟೋದು ಮಾಮೂಲು, ಸುತ್ತ ಬೆಟ್ಟ ಇರೋದ್ರಿಂದ ಗಾಳಿನೂ ಆಡಲ್ಲ, ಕಲ್ಲಿನ ನೆಲ ರಾತ್ರಿವರೆಗೂ ಕಾವು ಬಿಡ್ತಾನೇ ಇರುತ್ತೆ. ರಾಯಚೂರು ಕಲಬುರಗಿ ಕಡೆಯವರಿಗೆ ಹೊಸದೇನಲ್ಲ, ಬೆಂಗಳೂರಿನವರಿಗೆ ಕಷ್ಟ. ಸೆಪ್ಟೆಂಬರ್‌ನಿಂದ ಅಕ್ಟೋಬರ್ ಶುರುವಿನವರೆಗೆ ಕೊಯ್ಲು, ಊರು ತುಂಬಾ ಟ್ರ್ಯಾಕ್ಟರು, ದ್ರಾಕ್ಷಿ ಹುದುಗೋ ವಾಸನೆ, ನೋಡೋಕೆ ಅದಕ್ಕಿಂತ ಒಳ್ಳೆ ಟೈಮಿಲ್ಲ, ಆದ್ರೆ ರೂಮ್ ತಿಂಗಳುಗಟ್ಟಲೆ ಮುಂಚೆ ಹಿಡೀಬೇಕು. ನವೆಂಬರಲ್ಲಿ ಎಲೆ ಎಲ್ಲಾ ಕೆಂಪು ಹಳದಿ ತಿರುಗಿ ಬೆಟ್ಟ ಉರಿದ ಹಾಗೆ ಕಾಣುತ್ತೆ, ರೇಟೂ ಇಳಿಯುತ್ತೆ. ಡಿಸೆಂಬರ್ ಜನವರಿ ಮಂಜು, ಮಳೆ, ಕೆಲವು ತೋಟ ಊಟದ ಮನೆ ಮುಚ್ಚಿರ್ತಾವೆ, ಆಗ ಹೋಗೋರು ರೂಮಲ್ಲಿ ಹೀಟಿಂಗ್ ಇದೆ ಅಂತ ಖಾತ್ರಿ ಮಾಡ್ಕೊಂಡೇ ಹೋಗಿ, ಹಳೇ ಕಲ್ಲಿನ ಮನೆ ಚಳಿಗಾಲದಲ್ಲಿ ಬಲು ತಂಪು.

ವೀಸಾ ಶೆಂಗೆನ್, ಹೋಟೆಲ್ ಬುಕಿಂಗ್ ಕಾಗದ ಅದಕ್ಕೆ ಬೇಕೇ ಬೇಕು, ಹಾಗಾಗಿ ಮೊದ್ಲು ಕ್ಯಾನ್ಸಲ್ ಮಾಡಬಹುದಾದ ರೇಟಲ್ಲಿ ಬುಕ್ ಮಾಡಿ, ವೀಸಾ ಬಂದ್ಮೇಲೆ ಹೋಟೆಲ್‌ನ ಸ್ವಂತ ಸೈಟಲ್ಲಿ ಬೆಲೆ ಹೋಲಿಸಿ ನೋಡಿ, ಎಷ್ಟೋ ಸಲ ತಿಂಡಿ ಸೇರಿಸಿ ಅಲ್ಲೇ ಕಮ್ಮಿಗೆ ಸಿಗುತ್ತೆ. ಟ್ರಾವೆಲ್ ಇನ್ಶೂರೆನ್ಸ್ 30,000 ಯೂರೋಗೆ ಕಮ್ಮಿ ಇರಬಾರದು. ಶನಿವಾರ ರಾತ್ರಿ ಬಿಟ್ಟು ಭಾನುವಾರದಿಂದ ಗುರುವಾರದೊಳಗೆ ಇಟ್ಕೊಂಡ್ರೆ ರೂಮೂ ಸುಲಭ, ದುಡ್ಡೂ ಉಳಿಯುತ್ತೆ, ಒಂದೇ ಒಂದು ತೊಂದ್ರೆ ಅಂದ್ರೆ ಕೆಲವು ಊಟದ ಮನೆಗಳಿಗೆ ವಾರದ ರಜಾ ಸೋಮವಾರವೋ ಮಂಗಳವಾರವೋ ಇರುತ್ತೆ, ಹೋಟೆಲ್‌ನವರ ಹತ್ರ ಮೊದ್ಲೇ ಕೇಳ್ಕೊಳ್ಳಿ.

ಪೋರ್ಟೊದಿಂದ ಪಿನ್ಯಾಂವ್‌ಗೆ ರೈಲಲ್ಲೇ ಹೋಗಿ, ದಯವಿಟ್ಟು. ಸಾಂವ್ ಬೆಂತು ಅಥವಾ ಕಂಪನ್ಯಾಂ ಸ್ಟೇಷನ್‌ನಿಂದ ಸುಮಾರು ಎರಡೂವರೆ ಗಂಟೆ, ಕೆಲವು ರೈಲು ರೆಗ್ವಾದಲ್ಲಿ ಬದಲಾಯಿಸ್ಬೇಕು. ಈ ಲೈನಲ್ಲಿ ಸೀಟ್ ರಿಸರ್ವೇಶನ್ ಇರಲ್ಲ, ಅದಕ್ಕೇ ಬೇಗ ಹೋಗಿ ಬಲಗಡೆ ಕಿಟಕಿ ಹಿಡ್ಕೊಳ್ಳಿ, ಯಾಕಂದ್ರೆ ಶುರುವಿನ ಒಂದು ಗಂಟೆ ಮೇಲೆ ಬರೀ ಊರು ಹೊಲ, ಆಮೇಲೆ ರೈಲು ಇದ್ದಕ್ಕಿದ್ದಂಗೆ ನದಿ ದಡಕ್ಕೆ ಇಳಿಯುತ್ತೆ, ಅಲ್ಲಿಂದ ಮುಂದೆ ನೀರು ನಿಮ್ಮ ಬಲಕ್ಕೇ, ಕೆಲವು ಕಡೆ ಹಳಿಗೂ ನದಿಗೂ ಮಧ್ಯೆ ಒಂದು ಗೋಡೆ ಅಷ್ಟೇ ಅಂತರ. ವಾಪಸ್ ಬರುವಾಗ ಎಡಗಡೆ. 65 ವರ್ಷ ದಾಟಿದವರಿಗೆ ಅರ್ಧ ಟಿಕೆಟ್, ಪಾಸ್‌ಪೋರ್ಟ್ ತೋರಿಸಿ ಕೇಳಿ, ಅವರಾಗಿ ಹೇಳಲ್ಲ. ರೈಲ್ವೆಯವರ ಮುಷ್ಕರ ಅಲ್ಲಿ ಆಗಾಗ ಆಗುತ್ತೆ, ಹಿಂದಿನ ದಿನ ರೈಲ್ವೆ ಸೈಟಲ್ಲಿ ಗ್ರೇವ್ ಅನ್ನೋ ನೋಟೀಸ್ ಇದೆಯಾ ನೋಡ್ಕೊಳ್ಳಿ. ಕಾರ್ ಬೇಕೇ ಬೇಕು ಅನ್ನೋರಿಗೆ ರೆಗ್ವಾ ಪಿನ್ಯಾಂವ್ ಮಧ್ಯದ ಎನ್ 222 ರಸ್ತೆ ನದಿ ಪಕ್ಕದಲ್ಲೇ ಹೋಗುತ್ತೆ, ತುಂಬಾ ಚೆಂದದ ರಸ್ತೆ, ಆದ್ರೆ ವೈನ್ ಕುಡಿಯೋಕೆ ಹೋಗೋ ಊರಿಗೆ ಕಾರ್ ಯಾಕೆ, ಯಾರಾದ್ರೂ ಒಬ್ಬರು ಬಾಯಿ ಕಟ್ಕೊಂಡು ಕೂರ್ಬೇಕಾಗುತ್ತೆ. ಅಲ್ಲಿ ಕಾರ್ ಓಡಿಸೋರ ರಕ್ತದಲ್ಲಿ ಆಲ್ಕೋಹಾಲ್ ಲೀಟರಿಗೆ 0.5 ಗ್ರಾಂ ದಾಟಿದ್ರೆ ಕೇಸು.

ರೈಲಿಳಿದ ತಕ್ಷಣ ಬ್ಯಾಗ್ ಎಳ್ಕೊಂಡು ಹೋಟೆಲ್‌ಗೆ ಓಡ್ಬೇಡಿ, ಹತ್ತು ನಿಮಿಷ ಪ್ಲಾಟ್‌ಫಾರ್ಮಲ್ಲೇ ನಿಲ್ಲಿ. ಸ್ಟೇಷನ್ ಗೋಡೆ ಮೇಲೆ 1937ರಲ್ಲಿ ಹಾಕಿದ 24 ಅಝುಲೇಜು ಚಿತ್ರಗಳಿದಾವೆ, ಅಝುಲೇಜು ಅಂದ್ರೆ ಬಣ್ಣ ಬರೆದು ಸುಟ್ಟ ಟೈಲ್ಸು, ಅವೈರು ಊರಿನ ಕಾರ್ಖಾನೇಲಿ ಮಾಡಿದ್ದು. ಪೋರ್ಟೊದ ಸಾಂವ್ ಬೆಂತುಲಿ ಟೈಲ್ಸಲ್ಲಿ ಎದ್ದು ಕಾಣೋದು ರಾಜರು ಯುದ್ಧಗಳು, ಇಲ್ಲಿರೋದು ಕೂಲಿ ಕೆಲಸದವರು. ಹೆಂಗಸರು ಬಗ್ಗಿ ದ್ರಾಕ್ಷಿ ಕೊಯ್ತಿದಾರೆ, ಗಂಡಸರು ದೊಡ್ಡ ಬುಟ್ಟಿ ಬೆನ್ನಿಗೆ ಹೊತ್ಕೊಂಡು ಬರ್ತಿದಾರೆ, ಪೀಪಾಯಿ ಹೇರಿರೋ ದೋಣಿಗಳು, ಹಳೇ ಊರು, ಹಳೇ ನದಿ. ಹತ್ರ ಹೋಗಿ ನೋಡಿದ್ರೆ ಒಂದೊಂದು ಟೈಲ್ ಅಂಚಲ್ಲಿ ನೀಲಿ ಗೆರೆ ಪಕ್ಕದ ಟೈಲಿಗೆ ಕೂದಲೆಳೆಯಷ್ಟು ತಪ್ಪಿ ಸೇರಿರೋದು ಕಾಣುತ್ತೆ, ಕೈಯಲ್ಲಿ ಜೋಡಿಸಿದ ಕೆಲಸ ಅದು. ಆ ನದಿ ಈಗ ಹಾಗಿಲ್ಲ, ಯಾಕೆ ಅಂತ ಕೆಳಗೆ ಹೇಳ್ತೀನಿ.

ಚೆಕ್ ಇನ್ ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ, ಬೇಗ ತಲುಪಿದ್ರೆ ಬ್ಯಾಗ್ ಇಟ್ಕೊಳ್ತಾರೆ. ಪಾಸ್‌ಪೋರ್ಟ್ ತಗೊಂಡು ಬರ್ಕೊಳ್ತಾರೆ, ವಿದೇಶಿಯರ ಮಾಹಿತಿ ಕೊಡೋದು ಅವರಿಗೆ ಕಾನೂನು, ಗಾಬರಿ ಬೇಡ. ಕೆಲವು ಊರುಗಳಲ್ಲಿ ತಲೆಗಿಷ್ಟು ರಾತ್ರಿಗಿಷ್ಟು ಅಂತ ಟೂರಿಸ್ಟ್ ಟ್ಯಾಕ್ಸ್ ಅಲ್ಲೇ ಕಟ್ಟಿಸ್ಕೊಳ್ತಾರೆ. ಒಳಗೆ ಹೋಗೋವಾಗ ಬೋಂ ದಿಯಾ, ಮಧ್ಯಾಹ್ನದ ಮೇಲೆ ಬೋವಾ ತಾರ್ದ್ ಅಂತ ಮೊದ್ಲು ನೀವೇ ಹೇಳಿ, ಚಿಕ್ಕ ಊರಲ್ಲಿ ನಮಸ್ಕಾರ ಹೇಳದೆ ನೇರ ವಿಷಯಕ್ಕೆ ಬರೋದು ಅವರಿಗೆ ಒರಟು ಅನ್ಸುತ್ತೆ. ಮನೆ ನಡೆಸೋ ವಯಸ್ಸಾದ ಹೆಂಗಸಿದ್ರೆ ಹೆಸರಿಗೆ ಮುಂಚೆ ದೋನಾ ಅಂತ ಸೇರಿಸಿ ಕರೀತಾರೆ, ನೀವೂ ಹಾಗೇ ಕರೀರಿ.

ರೂಮಲ್ಲಿ ಮೊದ್ಲು ಕಿಟಕಿ ನೋಡಿ. ಹಳೇ ಪೋರ್ಚುಗೀಸ್ ಕಟ್ಟಡಗಳಲ್ಲಿ ಗಾಜಿನ ಕಿಟಕಿಗೆ ಒಳಗಡೆಯಿಂದ ಮರದ ಬಾಗಿಲು ಇರುತ್ತೆ, ಎರಡು ಮಡಿಕೆ, ಮಧ್ಯೆ ಒಂದು ಕಬ್ಬಿಣದ ಅಗಳಿ. ಬೇಸಿಗೇಲಿ ಬೆಳಗ್ಗೆ ಹತ್ತಕ್ಕೆ ಗಾಜು, ಮರ ಎರಡೂ ಮುಚ್ಚಿ ಹೊರಗೆ ಹೋಗಿ, ಸೂರ್ಯ ಬೆಟ್ಟದ ಹಿಂದೆ ಹೋದ್ಮೇಲೆ ಎಲ್ಲಾ ತೆಗೀರಿ, ಗೋಡೆ ದಪ್ಪ ಇರೋದ್ರಿಂದ ನಮ್ಮ ತೊಟ್ಟಿಮನೆ ಹಾಗೆ ಒಳಗೆ ತಂಪು ನಿಂತಿರುತ್ತೆ, ಎಸಿಗೆ ಅರ್ಧ ಕೆಲಸ ಉಳಿಯುತ್ತೆ. ಪ್ಲಗ್ ಯುರೋಪಿನ ಎರಡು ಕಡ್ಡಿಯದ್ದು, ನಮ್ಮ ಫೋನ್ ಚಾರ್ಜರ್ ಬಹಳಷ್ಟು ಸಲ ಹಾಗೇ ಕೂರುತ್ತೆ, ಮೂರು ಕಡ್ಡಿಯದ್ದಕ್ಕೆ ಅಡಾಪ್ಟರ್ ಬೇಕು. ಕೆಟಲ್ ರೂಮಲ್ಲಿ ಇರೋದು ಖಾತ್ರಿಯಿಲ್ಲ, ಬೆಳಗ್ಗೆ ಎದ್ದ ತಕ್ಷಣ ಕಾಫಿ ಬೇಕು ಅನ್ನೋರು ರಾತ್ರಿನೇ ರಿಸೆಪ್ಷನ್‌ನಲ್ಲಿ ಹೇಳಿಟ್ಟಿರಿ. ನಲ್ಲಿ ನೀರು ಕುಡೀಬಹುದು. ಏನಾದ್ರೂ ಸರಿ ಇಲ್ಲ ಅಂದ್ರೆ ಅಲ್ಲೇ, ಅವತ್ತೇ ಹೇಳಿ, ಸುಮ್ಮನಿದ್ದು ಮನೆಗೆ ಬಂದು ರಿವ್ಯೂ ಬರೆಯೋದ್ರಿಂದ ನಿಮ್ಮ ರಾತ್ರಿ ಸರಿ ಹೋಗಲ್ಲ. ಅಷ್ಟಕ್ಕೂ ಕೇಳದಿದ್ರೆ, ಪೋರ್ಚುಗಲ್‌ನಲ್ಲಿ ಪ್ರತಿ ಹೋಟೆಲೂ ಲಿವ್ರು ದ ರೆಕ್ಲಮಸೋಂಯಿಶ್ ಅನ್ನೋ ದೂರು ಪುಸ್ತಕ ಇಟ್ಟಿರ್ಲೇಬೇಕು, ಕೇಳಿದ್ರೆ ಕೊಡ್ಲೇಬೇಕು, ಅದು ಕಾನೂನು.

ಊಟದ ವಿಷಯಕ್ಕೆ ಬರೋಣ, ಸಸ್ಯಾಹಾರಿಗಳು ಇದನ್ನ ನಿಧಾನವಾಗಿ ಓದಿ. ಈ ಸೀಮೆ ಊಟ ಅಂದ್ರೆ ಆಡು, ಹಂದಿ, ಬಕಾಲ್ಯಾವ್ ಅನ್ನೋ ಒಣಮೀನು. ಬರೀ ವೆಜಿಟೇರಿಯನ್ ಅಂದ್ರೆ ಚಿಕ್ಕ ಊರಲ್ಲಿ ಕೆಲವರು ಟ್ಯೂನಾ ಮೀನು ಹಾಕಿರೋ ಸಲಾಡ್ ತಂದಿಡ್ತಾರೆ, ಬೇಜಾರು ಮಾಡ್ಕೊಳ್ಬೇಡಿ, ಬಿಡಿಸಿ ಹೇಳಿ: ಸೆಂ ಕಾರ್ನ್, ಸೆಂ ಪೈಶ್, ಸೆಂ ಫಿಯಾಂಬ್ರ್, ಅಂದ್ರೆ ಮಾಂಸ ಬೇಡ, ಮೀನು ಬೇಡ, ಹ್ಯಾಮ್ ಬೇಡ. ಮೊಟ್ಟೆನೂ ಬೇಡ ಅಂದ್ರೆ ಸೆಂ ಓವು. ಸೋಪಾ ದ ಲೆಗೂಮ್ಸ್ ಅನ್ನೋ ತರಕಾರಿ ಸೂಪ್ ಹೆಚ್ಚು ಕಮ್ಮಿ ಎಲ್ಲಾ ಕಡೆ ಸಿಗುತ್ತೆ, ರುಬ್ಬಿ ಮಾಡಿರ್ತಾರೆ, ಆದ್ರೆ ಮಾಂಸದ ನೀರು ಹಾಕಿದೀರಾ ಅಂತ ಕೇಳಿ, ಅನ್ನಕ್ಕೂ ಅದೇ ಪ್ರಶ್ನೆ. ಕಾಲ್ದು ವೆರ್ದ್ ಅನ್ನೋ ಸೊಪ್ಪಿನ ಸೂಪ್‌ನಲ್ಲಿ ಮೇಲೆ ಶೊರಿಸು ಅನ್ನೋ ಮಾಂಸದ ತುಂಡು ಹಾಕ್ತಾರೆ, ತೆಗೆದು ಕೊಟ್ರೂ ಒಳಗೆ ರುಚಿ ಇದ್ದೇ ಇರುತ್ತೆ. ಚೀಸ್ ತಿನ್ನೋಕೆ ಹಿಂಜರಿಯೋರಿಗೆ ಒಂದು ಒಳ್ಳೆ ಸುದ್ದಿ, ಸೆರ್ರಾ ದ ಎಸ್ತ್ರೇಲಾ ಚೀಸ್‌ಗೆ ಕುರಿ ಹಾಲು ಒಡೆಸೋಕೆ ಪ್ರಾಣಿ ರೆನೆಟ್ (ಕರುವಿನಂಥ ಪ್ರಾಣಿಯ ಹೊಟ್ಟೆಯಿಂದ ತೆಗೆಯೋ ಹೆಪ್ಪು) ಅಲ್ಲ, ಕಾರ್ಡೋ ಅನ್ನೋ ಮುಳ್ಳುಗಿಡದ ಹೂವು ಹಾಕ್ತಾರೆ. ಚೀಸು, ಜೊತೆಗೆ ಮರ್ಮಿಲಾಡ ಅನ್ನೋ ಕ್ವಿನ್ಸ್ ಹಣ್ಣಿನ ಹಲ್ವಾ, ಆಲಿವ್, ಬಿಸಿ ಬ್ರೆಡ್ಡು, ಇಷ್ಟಿದ್ರೆ ನಮ್ಮ ರಾತ್ರಿ ಊಟ ಆಯ್ತು ಅಂತಾನೇ ಲೆಕ್ಕ. ಆರ್ಡರ್ ಮಾಡೋಕ್ ಮುಂಚೆನೇ ಟೇಬಲ್ ಮೇಲೆ ಬ್ರೆಡ್ಡು ಆಲಿವ್ವು ತಂದಿಡ್ತಾರಲ್ಲ, ಅದಕ್ಕೆ ಕುವೇರ್ ಅಂತಾರೆ, ಅದು ಫ್ರೀ ಅಲ್ಲ, ಮುಟ್ಟದೆ ಇದ್ರೆ ದುಡ್ಡಿಲ್ಲ. ರಾತ್ರಿ ಊಟ ಏಳೂವರೆಗೆ ಮುಂಚೆ ಶುರುವಾಗಲ್ಲ, ಮಧ್ಯಾಹ್ನ ಎರಡೂವರೆ ಮೇಲೆ ಅಡುಗೆಮನೆ ಮುಚ್ತಾರೆ, ಮಕ್ಕಳಿದ್ರೆ ಚಿಕ್ಕ ಸೂಪರ್‌ಮಾರ್ಕೆಟ್ಟಲ್ಲಿ ಹಣ್ಣು ಮೊಸರು ತಂದಿಟ್ಕೊಳ್ಳಿ.

ಹೋಟೆಲ್ ತಿಂಡಿ ಮಾತ್ರ ಧಾರಾಳ, ಎಂಟೂವರೆ ಒಳಗೆ ಇಳಿದು ಹೋದ್ರೆ ಟೆರೇಸ್ ಮೇಲೆ ಒಳ್ಳೆ ಟೇಬಲ್ ಸಿಗುತ್ತೆ. ಬರೀ ಕಫೆ ಅಂದ್ರೆ ಎರಡು ಗುಟುಕು ಕಹಿ ಎಸ್ಪ್ರೆಸೊ ಬರುತ್ತೆ, ಹಾಲು ಸೇರಿದ್ದು ಬೇಕಾದ್ರೆ ಮೇಯಾ ದ ಲೈಟ್ ಅನ್ನಿ, ಇನ್ನೂ ಹಾಲು ಜಾಸ್ತಿ ಗ್ಲಾಸಲ್ಲಿ ಬೇಕಾದ್ರೆ ಗಲಾಂವ್.

ಕಾಫಿ ಹಿಡ್ಕೊಂಡು ಎದುರಿನ ಬೆಟ್ಟ ನೋಡ್ತಾ ಕೂತಾಗ ಗಮನಿಸೋಕೆ ಒಂದು ವಿಷಯ ಇದೆ, ಅದು ಗೊತ್ತಾದ್ರೆ ಆ ನೋಟವೇ ಬೇರೆ ಆಗುತ್ತೆ. ಬೆಟ್ಟ ಕಡಿದು ಬಳ್ಳಿ ನೆಟ್ಟಿರೋ ಮೆಟ್ಟಿಲುಗಳೆಲ್ಲ ಒಂದೇ ತರ ಇಲ್ಲ. ಕಿರಿದಾಗಿ, ಬೆಟ್ಟದ ಮೈಗೆ ಸುತ್ತಿ, ಗಾರೆ ಇಲ್ಲದ ಕಲ್ಲಿನ ಗೋಡೆ ಕಟ್ಟಿರೋವು ಹಳೇವು, ಸೊಕಾಲ್ಕುಸ್ ಅಂತಾರೆ, ಆ ಕಲ್ಲು ಶಿಸ್ಟ್, ಪದರ ಪದರವಾಗಿ ಒಡೆಯೋ ಕಲ್ಲು, ಅದನ್ನ ಒಡೆದೇ ಮಣ್ಣು ಮಾಡಿ ಬಳ್ಳಿ ನೆಟ್ಟಿದಾರೆ. ಅಗಲವಾಗಿ, ಗೋಡೆ ಇಲ್ದೆ ಮಣ್ಣಿನ ದಿಬ್ಬ ಮಾತ್ರ ಇರೋವು 1970ರ ಆಸುಪಾಸಿನಿಂದ ಈಚೆಗೆ ಟ್ರ್ಯಾಕ್ಟರ್‌ಗೋಸ್ಕರ ಮಾಡಿದ್ದು. ಕೆಲವು ಕಡೆ ಸಾಲು ಅಡ್ಡಡ್ಡ ಇರದೆ ಬೆಟ್ಟದ ಮೇಲಿಂದ ಕೆಳಗೆ ನೇರ ಇಳಿದಿರುತ್ತೆ, ಅದು ಇನ್ನೂ ಹೊಸ ಪದ್ಧತಿ. ಮಧ್ಯೆ ಮಧ್ಯೆ ಗೋಡೆ ಬಿದ್ದು, ಪೊದೆ ಬೆಳೆದು, ಅಲ್ಲೊಂದು ಇಲ್ಲೊಂದು ಆಲಿವ್ ಮರ ನಿಂತಿರೋ ಜಾಗ ಕಾಣುತ್ತಲ್ಲ, ಅವು ಮೊರ್ತೋರಿಯುಸ್. 1860ರ ದಶಕದಲ್ಲಿ ಫಿಲಾಕ್ಸೆರಾ ಅನ್ನೋ ಹೇನು ಬಂದು ಬೇರು ತಿಂದು ಬಳ್ಳಿ ಎಲ್ಲಾ ಸಾಯಿಸ್ತು, ಆಗ ಬಿಟ್ಟುಹೋದ ಎಷ್ಟೋ ಮೆಟ್ಟಿಲುಗಳಿಗೆ ಮತ್ತೆ ಯಾರೂ ಬಳ್ಳಿ ನೆಡಲೇ ಇಲ್ಲ. ಇಷ್ಟೆಲ್ಲಾ ಒಂದೇ ಬಾಲ್ಕನಿಯಿಂದ ಕಾಣುತ್ತೆ.

ನದಿ ವಿಷಯ ಹೇಳ್ತೀನಿ ಅಂದಿದ್ನಲ್ಲ. ಈಗ ಅದು ಕೆರೆ ತರ ನಿಂತಿರೋಕೆ ಕಾರಣ ಅಣೆಕಟ್ಟುಗಳು, ಕರಪತೆಲು 1971, ರೆಗ್ವಾ 1973, ವಲೈರಾ 1976. ಅದಕ್ಕೆ ಮುಂಚೆ ಡೌರೊ ಬಂಡೆ ಮಧ್ಯೆ ಧುಮುಕೋ ನದಿ, ಹೊಸ ವೈನ್ ಪೀಪಾಯಿಗಳ್ನ ರಬೇಲು ಅನ್ನೋ ಚಪ್ಪಟೆ ದೋಣೀಲಿ ಆ ನೀರಲ್ಲೇ ಪೋರ್ಟೊ ಎದುರಿನ ಗಾಯಾವರೆಗೆ ತಗೊಂಡು ಹೋಗ್ತಿದ್ರು. 1861ರಲ್ಲಿ ವಲೈರಾ ಹತ್ರ ದೋಣಿ ಮಗುಚಿ, ಈ ನದಿಯ ನಕ್ಷೆ ಬರೆದ ಬ್ಯಾರನ್ ಫಾರೆಸ್ಟರ್ ಅಲ್ಲೇ ಮುಳುಗಿ ತೀರ್ಕೊಂಡ, ಅದೇ ದೋಣೀಲಿದ್ದ ದೋನಾ ಅಂತೋನಿಯಾ ಫೆರೇರಾ ಬದುಕಿದ್ರು, ಅವರ ಅಗಲದ ಲಂಗ ಗಾಳಿ ತುಂಬಿ ತೇಲಿಸ್ತು ಅಂತ ಕಥೆ ಹೇಳ್ತಾರೆ. ಫಿಲಾಕ್ಸೆರಾ ಕಾಲದಲ್ಲೂ ಕೈಬಿಡದೆ ತೋಟ ಕಟ್ಟಿದ ಹೆಂಗಸು ಅವರು, ಡೌರೊದಲ್ಲಿ ಇವತ್ತಿಗೂ ಆ ಹೆಸರಿಗೆ ದೊಡ್ಡ ಮರ್ಯಾದೆ. ಆ ಜಾಗ ನೋಡ್ಬೇಕಂದ್ರೆ ಒಂದು ಬೆಳಗ್ಗೆ ಪಿನ್ಯಾಂವ್‌ನಿಂದ ರೈಲಿನ ಕೊನೇ ಸ್ಟೇಷನ್ ಪೊಸೀನ್ಯುವರೆಗೆ ಹೋಗಿ ಬನ್ನಿ, ಸುಮಾರು ಒಂದು ಗಂಟೆ ದಾರಿ, ಇಡೀ ಲೈನಲ್ಲಿ ಅತಿ ನಿರ್ಜನವಾದ ಭಾಗ, ಪಕ್ಕದಲ್ಲಿ ರಸ್ತೆನೂ ಇಲ್ಲ, ಬರೀ ಬಂಡೆ ನೀರು ರೈಲು. ಟೂರ್ ವ್ಯಾನಲ್ಲಿ ಬಂದವರಿಗೆ ಇದು ಸಿಗೋದೇ ಇಲ್ಲ. ಹೋದ ರೈಲಲ್ಲೇ ವಾಪಸ್ ಬರೋ ಹಾಗೆ ಟೈಮ್ ನೋಡ್ಕೊಳ್ಳಿ, ಪೊಸೀನ್ಯುದಲ್ಲಿ ಕಾಯೋಕೆ ಏನೂ ಇಲ್ಲ.

ವೈನ್ ತೋಟಕ್ಕೆ ನಡ್ಕೊಂಡೇ ಹೋಗ್ಬಹುದಾದವು ಊರ ಸುತ್ತ ಇದಾವೆ: ಡೌಸ್ ಪೋರ್ಟ್‌ನವರ ಕಿಂತಾ ದು ಬೋಂಫಿಂ, ಕ್ರಾಫ್ಟ್‌ನವರ ರುಯೇದಾ, ಸೇತುವೆ ಆಚೆ ಕರ್ವಾಲ್ಯಾಸ್. ದಿನಕ್ಕೆ ಒಂದೇ ಸಾಕು, ಮುಂಚೆನೇ ಬುಕ್ ಮಾಡಿ, ಬೆಳಗ್ಗೆ ಹತ್ತರದ್ದು ಅಥವಾ ಸಂಜೆ ನಾಲ್ಕರ ಮೇಲಿನದು ಆರಿಸ್ಕೊಳ್ಳಿ, ಮಧ್ಯಾಹ್ನ ಬಸ್ ತುಂಬಾ ಜನ ಬರ್ತಾರೆ. ಪೋರ್ಟ್ ಹೇಗಾಗುತ್ತೆ ಅಂದ್ರೆ, ರಸ ಎರಡು ಮೂರು ದಿನ ಹುದುಗಿದ್ಮೇಲೆ, ಸಕ್ಕರೆ ಇನ್ನೂ ಅರ್ಧ ಉಳಿದಿರುವಾಗ್ಲೇ 77% ದ್ರಾಕ್ಷಿ ಸ್ಪಿರಿಟ್ ಸುರೀತಾರೆ, 435 ಲೀಟರ್ ರಸಕ್ಕೆ 115 ಲೀಟರ್ ಲೆಕ್ಕ, ಹುದುಗೋದು ಅಲ್ಲಿಗೇ ನಿಲ್ಲುತ್ತೆ, ಅದಕ್ಕೇ ಅದು ಸಿಹಿ, ಅದಕ್ಕೇ ಜೋರು. ಕೊಯ್ಲಿನ ಟೈಮಲ್ಲಿ ಹೋದ್ರೆ ಲಗಾರ್ ಅನ್ನೋ ಕಲ್ಲಿನ ತೊಟ್ಟೀಲಿ ಕಾಲಲ್ಲಿ ತುಳಿಯೋದು ಕೆಲವು ಕಡೆ ನೋಡೋಕೆ ಸಿಗುತ್ತೆ, ಮೊದಲ ಎರಡು ಗಂಟೆ ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ಎಡ ಬಲ ಅಂತ ಕೂಗಿಗೆ ಹೆಜ್ಜೆ ಹಾಕ್ತಾರೆ, ಆಮೇಲೆ ಸಾಲು ಮುರಿದು ಹಾಡು ಕುಣಿತ ಶುರು.

ರುಚಿ ನೋಡುವಾಗ ಖಾಲಿ ಹೊಟ್ಟೇಲಿ ಕೂರ್ಬೇಡಿ, 20% ಆಸುಪಾಸು ಆಲ್ಕೋಹಾಲ್ ಇರುತ್ತೆ, ಸಿಹಿ ಇರೋದ್ರಿಂದ ಗೊತ್ತೇ ಆಗಲ್ಲ. ಉಗುಳೋ ಪಾತ್ರೆ ಇಟ್ಟಿರ್ತಾರೆ, ಉಗುಳಿದ್ರೆ ಯಾರೂ ತಪ್ಪು ತಿಳ್ಕೊಳ್ಳಲ್ಲ. ಮೊದಲ ಸಲ ಕುಡಿಯೋರಿಗೆ ನನ್ನ ಮಾತು, 20 ವರ್ಷದ ಟಾನಿ, ಅಂದ್ರೆ ಪೀಪಾಯೀಲಿ ಹಳೆಯದಾದ ಪೋರ್ಟ್, ಒಂದು ಗ್ಲಾಸ್ ತಗೊಳ್ಳಿ, ಸ್ವಲ್ಪ ತಂಪಾಗಿರ್ಲಿ. ಗ್ಲಾಸ್ ಓರೆ ಮಾಡಿ ಬಿಳಿ ಕಾಗದದ ಮೇಲೆ ಹಿಡಿದ್ರೆ ಮಧ್ಯೆ ಇಟ್ಟಿಗೆ ಬಣ್ಣ, ಅಂಚಿಗೆ ಬರ್ತಾ ಬರ್ತಾ ಜೇನಿನ ಬಣ್ಣ, ಮೂಗಿಗೆ ಒಣ ಅಂಜೂರ, ಅಕ್ರೋಟು, ಕಿತ್ತಳೆ ಸಿಪ್ಪೆ. ಮರದ ಪೀಪಾಯೀಲಿ ವರ್ಷಗಟ್ಟಲೆ ಗಾಳಿ ಆಡಿ ಹಾಗಾಗಿರೋದು. ಕುಡಿಯದವರೂ ತೋಟದ ಟೂರ್ ಧಾರಾಳವಾಗಿ ಮಾಡ್ಬಹುದು, ಎಷ್ಟೋ ತೋಟಗಳಲ್ಲಿ ಅವರದ್ದೇ ಆಲಿವ್ ಎಣ್ಣೆ ಇರುತ್ತೆ, ಬ್ರೆಡ್ ಜೊತೆ ಅದನ್ನ ಕೇಳಿ.

ಉಳಿದ ಹೊತ್ತಿಗೆ, ಕಸಾಲ್ ದ ಲೋಯಿವುಸ್ ಅನ್ನೋ ಮೇಲಿನ ಹಳ್ಳೀಲಿ ನದಿ ತಿರುವು ಪೂರ್ತಿ ಕಾಣೋ ಜಾಗ ಇದೆ, ಏರು ಬಹಳ ಕಡಿದು, ಮೇಲಕ್ಕೆ ಟ್ಯಾಕ್ಸೀಲಿ ಹೋಗಿ ಕೆಳಗೆ ನಡ್ಕೊಂಡು ಬನ್ನಿ, ಟೋಪಿ ನೀರು ಮರೀಬೇಡಿ. ದೋಣಿ ಒಂದು ಗಂಟೆಯದ್ದೂ ಇದೆ ಎರಡು ಗಂಟೆಯದ್ದೂ ಇದೆ, ಎರಡು ಗಂಟೆಯದ್ದು ತುವಾ ಕಡೆ ಹೋಗುತ್ತೆ, ಅದೇ ಮೇಲು. ಟ್ಯಾಕ್ಸಿ ಹಿಡಿದ ದಿನ ಫವಾಯುಸ್ ಊರಿಗೂ ಹೋಗ್ಬನ್ನಿ, ಅಲ್ಲಿ ಕಟ್ಟಿಗೆ ಒಲೇಲಿ ಬೇಯಿಸೋ ನಾಲ್ಕು ಮೂಲೆ ಬ್ರೆಡ್ಡೂ ಮೊಸ್ಕಾತೆಲ್ ವೈನೂ ಎರಡೂ ಹೆಸರುವಾಸಿ. ಪಿನ್ಯಾಂವ್‌ನಲ್ಲಿ ಫೋನ್ ಆಪ್ ಟ್ಯಾಕ್ಸಿ ನಂಬ್ಕೋಬೇಡಿ, ಹೋಟೆಲ್‌ನವರಿಂದ ಊರಿನ ಟ್ಯಾಕ್ಸಿಯವರಿಗೆ ಫೋನ್ ಮಾಡಿಸಿ, ವಾಪಸ್ ಕರ್ಕೊಂಡು ಬರೋ ಟೈಮೂ ಆಗ್ಲೇ ಮಾತಾಡ್ಕೊಂಡಿರಿ.

ಹೊರಡೋ ದಿನ ಚೆಕ್ ಔಟ್ ಮಾಡಿ ಬ್ಯಾಗ್ ರಿಸೆಪ್ಷನ್‌ನಲ್ಲೇ ಬಿಟ್ಟು, ಸಂಜೆ ರೈಲಿಗೆ ಹೋಗಿ, ಇನ್ನೊಂದು ಮಧ್ಯಾಹ್ನ ಸಿಕ್ಕಿದ ಹಾಗಾಗುತ್ತೆ. ಬಾಟ್ಲಿ ತರೋರು ಕುತ್ತಿಗೆ ಮೇಲೆ ಪೋರ್ಟ್ ವೈನ್ ಸಂಸ್ಥೆಯ ಕಾಗದದ ಸೀಲ್ ಇದೆಯಾ ನೋಡಿ. ಮನೇಲಿ ನಿಧಾನಕ್ಕೆ ಕುಡಿಯೋದಾದ್ರೆ ಟಾನಿನೇ ತನ್ನಿ, ತೆಗೆದ್ಮೇಲೂ ಫ್ರಿಜ್ಜಲ್ಲಿ ಕೆಲವು ವಾರ ಚೆನ್ನಾಗಿರುತ್ತೆ, ವಿಂಟೇಜ್ ಪೋರ್ಟ್ (ಒಂದೇ ವರ್ಷದ ಕೊಯ್ಲಿಂದ ಮಾಡಿದ್ದು) ಆದ್ರೆ ತೆಗೆದ ಒಂದೆರಡು ದಿನದಲ್ಲಿ ಮುಗಿಸ್ಬೇಕು, ತಳದ ಗಷ್ಟು ಬೇರೆ ಸೋಸ್ಬೇಕು. ಭಾರತಕ್ಕೆ ದೊಡ್ಡವರಿಗೆ ತಲೆಗೆ 2 ಲೀಟರ್‌ವರೆಗೆ ಸುಂಕ ಇಲ್ಲ, ಅಂದ್ರೆ 750 ಮಿಲಿ ಬಾಟ್ಲಿ ಎರಡು, ಮೂರನೇದು ಇಟ್ರೆ ಲೆಕ್ಕ ಮೀರುತ್ತೆ. ಚೆಕ್ ಇನ್ ಬ್ಯಾಗಲ್ಲಿ ಬಟ್ಟೆ ಮಧ್ಯೆ, ಪ್ಲಾಸ್ಟಿಕ್ ಕವರ್ ಸುತ್ತಿ, ಬ್ಯಾಗಿನ ಅಂಚಿಗೆ ತಾಗದ ಹಾಗೆ ನಡುವಿಗೆ ಇಡಿ.